ಗಂಜ್‌ನ ತಾಡಪಾಲಿಗೂ ಆಳಂದದ ದ್ರಾಕ್ಷಿಗೂ ಒಂದೇ ಲೆಕ್ಕ

ಬೇಸಿಗೆಯ ಸಿಡಿಲು, ಆಲಿಕಲ್ಲಿನ ಅಪಾಯವನ್ನು ಮಧ್ಯಾಹ್ನ ಎರಡರೊಳಗೆ ತಾಲ್ಲೂಕುವಾರು ಹೇಳಬಹುದು ಎಂದಾಗ ಕಲಬುರಗಿಯಲ್ಲಿ ನಗದವರು ಕಡಿಮೆ. ಇಲ್ಲಿನ ಧಾನ್ಯ ಮಾರುಕಟ್ಟೆ ಗಂಜ್‌ನ ಅಡತಿ ವ್ಯಾಪಾರಿಯೊಬ್ಬರು, “ಮಾಸ್ತರರೇ, ಮೋಡ ನೋಡಿ ಮಳೆ ಹೇಳುವುದಕ್ಕೆ ನಮ್ಮ ಹಮಾಲರೇ ಸಾಕು” ಎಂದಿದ್ದರು. ಮೋಡ ಕಂಡ ಮೇಲೆ ತೊಗರಿ ಚೀಲ ಮುಚ್ಚಲು ಅದೇ ಹಮಾಲರು ಸಿಗುವುದಿಲ್ಲ ಎಂಬುದು ಬೇರೆ ಮಾತು. ಕಳೆದ ಎರಡು ಬೇಸಿಗೆಗಳಲ್ಲಿ ನಾನು ‘ಹೆಚ್ಚು ಅಪಾಯ’ ಎಂದ ದಿನಗಳಲ್ಲಿ ಹತ್ತಕ್ಕೆ ಸುಮಾರು ಏಳು ಹೊಂದಿವೆ. ಈಗ ಅವರೇ ಹನ್ನೆರಡಕ್ಕೆ ಫೋನ್ ಮಾಡುತ್ತಾರೆ.

ಜಾಗತಿಕ ಹವಾಮಾನ ಮಾದರಿಗಳ ಕೇಪ್ (ಗಾಳಿ ಮೇಲೆದ್ದು ಮೋಡವಾಗಲು ಸಿಗುವ ಶಕ್ತಿ, ಕಿಲೋಗೆ ಇಷ್ಟು ಜೂಲ್ ಎಂದು ಲೆಕ್ಕ) ನಕ್ಷೆಯನ್ನು ನಂಬಿ ಕೆಟ್ಟವರಲ್ಲಿ ನಾನು ಒಬ್ಬನೇ ಅಲ್ಲ. ಏಪ್ರಿಲ್ ಬಂತೆಂದರೆ ಕಲಬುರಗಿ, ಬೀದರ್ ಸೇರಿ ನಮ್ಮ ಮೂರೂ ಜಿಲ್ಲೆಗಳು ಆ ನಕ್ಷೆಯಲ್ಲಿ ದಿನ ಬಿಟ್ಟು ದಿನ ಕೆಂಪು. 2000 ಜೂಲ್ ತೋರಿಸಿದ ಸಂಜೆ 42 ಡಿಗ್ರಿಯ ಧಗೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಎರಡು–ಮೂರು ಕಿ.ಮೀ. ಎತ್ತರದಲ್ಲಿ ಕೂತ ಬಿಸಿ ಒಣ ಪದರ ಒಡೆಯದಿದ್ದರೆ ಎಷ್ಟು ಜೂಲ್ ಇದ್ದರೇನು? ಹಾಗಾಗಿ ಹೈದರಾಬಾದಿನ ಬೆಳಗಿನ 5.30ರ ಹವಾಮಾನ ಬಲೂನು ಎತ್ತರೆತ್ತರದಲ್ಲಿ ಅಳೆದ ಅಂಕಿಗಳನ್ನು ತೆಗೆದುಕೊಂಡು, ನೆಲದ ಹತ್ತಿರದ ಭಾಗವನ್ನು ಕಿತ್ತುಹಾಕಿ, ನಮ್ಮ ನೆಲದ ಮಧ್ಯಾಹ್ನದ ಬಿಸಿಯನ್ನೂ ತೇವವನ್ನೂ ಅಲ್ಲಿ ಕೂರಿಸಿ ಲೆಕ್ಕ ಹಾಕುತ್ತೇನೆ. ಹೈದರಾಬಾದಿಗಿಂತ ಕಲಬುರಗಿ ಸುಮಾರು ನೂರು ಮೀಟರ್ ತಗ್ಗು, ಬೀದರ್ ಎತ್ತರ. ಇದನ್ನು ಬಿಟ್ಟರೆ ಬೀದರಿನ ಲೆಕ್ಕ ಪೂರಾ ತಪ್ಪುತ್ತದೆ.

ದುಡ್ಡು ಹೋದದ್ದು ತೇವ ಅಳೆಯುವುದಕ್ಕೆ. ಮೊದಲು ಕೆಲವು ನೂರು ರೂಪಾಯಿಯ ಸಂವೇದಕಗಳನ್ನು ಹಾಕಿದೆ. ಒಂದು ಬೇಸಿಗೆಯ ದೂಳು ಕುಡಿದ ಮೇಲೆ ಅವು ಯಾವ ಗಾಳಿಗೂ ಒಂದೇ ಅಂಕಿ ಹೇಳತೊಡಗಿದವು. ಆಮೇಲೆ ಇಪ್ಪತ್ತು ಸಾವಿರದ ಮೇಲೆ ಕೊಟ್ಟು ಸಿದ್ಧ ಹವಾಮಾನ ಪೆಟ್ಟಿಗೆ ತರಿಸಿದೆ. ಅದು ಮೂರನೆಯ ಬೇಸಿಗೆ ಕಾಣಲಿಲ್ಲ, ಮಾರಿದವರು ಫೋನ್ ಎತ್ತಲಿಲ್ಲ. ಕೊನೆಗೆ ಕೈ ಹಿಡಿದದ್ದು ಎರಡು ಗಾಜಿನ ತಾಪಮಾಪಕ, ಒಂದು ತುಂಡು ಮಲ್‌ಮಲ್ ಬಟ್ಟೆ, ಹಳೆಯ ಕಂಪ್ಯೂಟರಿನ ಫ್ಯಾನ್. ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ. ಒಂದು ಮಾಪಕದ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಗಾಳಿ ಬಿಟ್ಟರೆ ಅದು ತಣ್ಣಗಾಗುತ್ತದೆ; ಗಾಳಿ ಒಣಗಿದಷ್ಟೂ ಎರಡರ ಅಂತರ ಹೆಚ್ಚು.

ಬಟ್ಟೆಗೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ನೀರಿನ ಗಡಸುತನಕ್ಕೆ ಒಂದೇ ವಾರದಲ್ಲಿ ಬಟ್ಟೆಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ನೀರು ಸರಿಯಾಗಿ ಆರುವುದಿಲ್ಲ. ಒಣ ಬಲ್ಬ್ 40, ಹಸಿ ಬಲ್ಬ್ 25 ಇದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ತಾಪಮಾನ; ಅದು ಹೆಚ್ಚಿದಷ್ಟೂ ತೇವ ಹೆಚ್ಚು) ಸುಮಾರು 19. ಪೊರೆ ಕಟ್ಟಿದ ಬಟ್ಟೆ 27 ತೋರಿಸಿದರೆ ಇಬ್ಬನಿ ಬಿಂದು 22 ದಾಟುತ್ತದೆ, ಇಲ್ಲದ ಬಿರುಗಾಳಿಯನ್ನು ಕಾಗದದ ಮೇಲೆ ನೀವೇ ಎಬ್ಬಿಸುತ್ತೀರಿ. ಔಷಧದ ಅಂಗಡಿಯ ಭಟ್ಟಿ ಇಳಿಸಿದ ನೀರೇ ಬೇಕು.

ನನ್ನ ಕೀಲಿ ಹನ್ನೊಂದರಿಂದ ಎರಡು ಗಂಟೆಯ ನಡುವೆ ಇದೆ. ತೇವದ ಪದರ ತೆಳ್ಳಗಿದ್ದರೆ ಬಿಸಿಲೇರಿದಂತೆ ಮೇಲಿನ ಒಣ ಗಾಳಿ ಬೆರೆತು ಇಬ್ಬನಿ ಬಿಂದು ಸರ್ರನೆ ಇಳಿಯುತ್ತದೆ. ಅಂಥ ದಿನವನ್ನು ಬಿಟ್ಟುಬಿಡಿ. ಬಿಸಿ ಏರಿಯೂ ಇಬ್ಬನಿ ಬಿಂದು ಅಲ್ಲಾಡದೆ ನಿಂತರೆ, ಗಾಳಿ ಆಗ್ನೇಯದಿಂದ ಬೀಸತೊಡಗಿದ್ದರೆ, ವಿದರ್ಭದಿಂದ ಒಳನಾಡಿಗಿಳಿಯುವ ದ್ರೋಣಿ (ಕಡಿಮೆ ಒತ್ತಡದ ಉದ್ದನೆಯ ಪಟ್ಟಿ) ನಮ್ಮ ಪಶ್ಚಿಮಕ್ಕಿದ್ದರೆ ಸಂದೇಶ ಹೊರಡುತ್ತದೆ. ಎಷ್ಟು ಇಳಿದರೆ ಬಿಡಬೇಕು, ಯಾವ ತಾಲ್ಲೂಕಿಗೆ ಎಷ್ಟು ಕಳೆಯಬೇಕು ಎಂಬ ಪಟ್ಟಿ ನನ್ನಲ್ಲಿದೆ, ಅದು ನನ್ನಲ್ಲೇ ಇರಲಿ.

ಆಲಿಕಲ್ಲಿಗೆ ಬೇರೆ ಲೆಕ್ಕ. 2014ರ ಫೆಬ್ರವರಿ–ಮಾರ್ಚ್‌ನಲ್ಲಿ ಮರಾಠವಾಡದ ಜೊತೆಗೆ ನಮ್ಮ ಗಡಿಯನ್ನೂ ಹೊಡೆದ ಕಲ್ಲುಮಳೆಯನ್ನು ನೆನೆಯಿರಿ. ಮೇ ತಿಂಗಳಲ್ಲಿ ಶೂನ್ಯ ಡಿಗ್ರಿಯ ಮಟ್ಟ ಐದು ಕಿ.ಮೀ. ಆಸುಪಾಸಿಗೆ ಏರುತ್ತದೆ, ಸಣ್ಣ ಕಲ್ಲು ದಾರಿಯಲ್ಲೇ ಕರಗಿ ದಪ್ಪ ಹನಿಯಾಗುತ್ತದೆ. ಮಾರ್ಚ್‌ನಲ್ಲಿ ಆ ಮಟ್ಟ ತಗ್ಗಿನಲ್ಲಿರುತ್ತದೆ, ಮೇಲೆ ಪಡುವಣ ಗಾಳಿಯೂ ಜೋರು. ಸೊಲ್ಲಾಪುರದ ಕಡೆ ಎದ್ದ ಮೋಡ ಆಳಂದಕ್ಕೆ ಬರುವ ಹೊತ್ತಿಗೆ ಬಲಿತಿರುತ್ತದೆ. ಆದ್ದರಿಂದ ಮಾರ್ಚ್‌ನಲ್ಲಿ ಕೇಪ್ ಸಾವಿರವಿದ್ದರೂ ನಾನು ಹೆದರುತ್ತೇನೆ.

ನಡುವೆ ಒಂದು ಹುಚ್ಚಾಟ: ಹಳೆಯ ಟ್ರಾನ್ಸಿಸ್ಟರನ್ನು ಮಧ್ಯಮ ತರಂಗದಲ್ಲಿ ನಿಲ್ದಾಣವಿಲ್ಲದ ಜಾಗಕ್ಕೆ ತಿರುಗಿಸಿ, ನಿಮಿಷಕ್ಕೆ ಎಷ್ಟು ‘ಚಟ್’ ಎಂದು ಎಣಿಸುತ್ತ ಕೂತಿದ್ದೆ. ಕಣ್ಣಿಗೆ ಮೋಡವೇ ಕಾಣದಾಗಲೂ ಮಿಂಚಿನ ಸುಳಿವು ಸಿಗುತ್ತಿತ್ತು. ಆದರೆ ಪಕ್ಕದ ಮನೆಯ ಮಿಕ್ಸರ್ ಶುರುವಾದರೆ ಅದೂ ಸಿಡಿಲೇ! ಈಗ ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಇದೆ, ಟ್ರಾನ್ಸಿಸ್ಟರಿಗೆ ನಿವೃತ್ತಿ.

ಸಂದೇಶದಲ್ಲಿ ನೂರಕ್ಕೆ ಎಷ್ಟು ಸಂಭವ ಎಂದು ‘ಆಳಂದ 60, ಜೇವರ್ಗಿ 20’ ಎಂದು ಬರೆದರೆ, “60 ಎಂದರೆ ಬರುತ್ತದೋ ಇಲ್ಲವೋ?” ಎಂದು ಜಗಳಕ್ಕೆ ಬರುತ್ತಿದ್ದರು. ಈಗ ಖರ್ಚಿನ ಮೇಲೆ ಹೇಳುತ್ತೇನೆ. ತಾಡಪಾಲು, ಹಮಾಲಿ ಸೇರಿ ಸಾವಿರವಾದರೆ, ನೆನೆದ ತೊಗರಿಯ ನಷ್ಟ ಹತ್ತು ಸಾವಿರವಾದರೆ, ಸಂಭವ 10 ಇದ್ದರೇ ಗಂಜ್‌ನವರು ಮುಚ್ಚಬೇಕು. ಜೋಳದ ರಾಶಿ ಮುಂದೂಡಿದರೆ ಯಂತ್ರದ ಮುಂಗಡ ಹೋಗುತ್ತದೆ, ಜೋಳದ ರೈತರು 40ರವರೆಗೆ ಕಾಯಬಹುದು. ದ್ರಾಕ್ಷಿ ಕೊಯ್ಲಿಗೆ ಬಂದವರು ಅಂಕಿ ಕೇಳುವುದೇ ಬೇಡ, ಆಳು ಸಿಕ್ಕರೆ ಕೊಯ್ಯಬೇಕು. ಕುರಿಗಾರರಿಗೆ ಅಂಕಿಯನ್ನೇ ಕೊಡುವುದಿಲ್ಲ, ‘ನಾಲ್ಕರ ಮೇಲೆ ಬಯಲಲ್ಲಿ, ಮರದಡಿ ಇರಬೇಡಿ’ ಎಂದಷ್ಟೇ.

ತಾಳೆ ನೋಡಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಳೆಮಾಪಕಗಳಿವೆ. ಆಲಿಕಲ್ಲು ಅವುಗಳಲ್ಲಿ ತಿಳಿಯುವುದಿಲ್ಲ, ರಾತ್ರಿ ಫೋನ್ ಮಾಡಿ ಕೇಳುತ್ತೇನೆ.

ಚಿಂಚೋಳಿ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ನಗರದಲ್ಲಿ ಅಳೆದ ತೇವ ಆ ಕಾಡುಗುಡ್ಡಗಳಿಗೆ ಹೊಂದುವುದಿಲ್ಲ. ಅಲ್ಲಿ ದಿನಾ ಎರಡು ಹೊತ್ತು ಅಳತೆ ಬರೆದಿಡುವವರು ಸಿಕ್ಕರೆ ತಾಪಮಾಪಕದ ಜೋಡಿ, ಫ್ಯಾನು ನನ್ನ ಕಡೆಯಿಂದ. ಭಟ್ಟಿ ನೀರಿನ ಖರ್ಚು ಅವರದು.