ಫ್ರೀಜ್ ಬೀಳುವ ಮೊದಲೇ ಡೆಬಿಯನ್‌ಗೆ ಕೈಜೋಡಿಸುವುದು ಹೇಗೆ?

ಡೆಬಿಯನ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ನ 13ನೇ ಆವೃತ್ತಿ, ಅಂದರೆ 'ಟ್ರಿಕ್ಸಿ', 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಆದರೆ ಬದಲಾವಣೆಗಳಿಗೆ ಬಾಗಿಲು ಮುಚ್ಚತೊಡಗಿದ್ದು ಅದೇ ವರ್ಷದ ಮಾರ್ಚ್ 15ರಿಂದಲೇ. ಇದಕ್ಕೆ ಫ್ರೀಜ್ ಎನ್ನುತ್ತಾರೆ. ಮೇ 15ರ ನಂತರ ಮುಖ್ಯ ಪ್ಯಾಕೇಜ್‌ಗಳನ್ನು (ಡೆಬಿಯನ್‌ನಲ್ಲಿ ಪ್ರೋಗ್ರಾಂಗಳು ಬರುವ ಕಟ್ಟುಗಳನ್ನು) ಮುಟ್ಟಲು ಬಿಡುಗಡೆ ತಂಡದ ಒಪ್ಪಿಗೆಯೇ ಬೇಕಾಯಿತು. ನಮ್ಮಲ್ಲಿ ಸರ್ವರ್ ನೋಡಿಕೊಳ್ಳುವ ಬಹಳಷ್ಟು ಜನ ಬಿಡುಗಡೆಯ ದಿನ ಬಂದ ಮೇಲೆ ಹಾಕಿ ನೋಡುತ್ತಾರೆ. ಆಗ ಸಿಕ್ಕ ಸಣ್ಣಪುಟ್ಟ ತೊಂದರೆ ಸಾಮಾನ್ಯವಾಗಿ ಮುಂದಿನ ಆವೃತ್ತಿಗೇ ಹೋಗುತ್ತದೆ. ಒಂದು ಆವೃತ್ತಿಗೆ 3 ವರ್ಷ ಪೂರ್ಣ ಬೆಂಬಲ, ಆಮೇಲೆ 2 ವರ್ಷ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲ. ಅಷ್ಟು ಕಾಲ ನೀವು ಅದರ ಜೊತೆಗೇ ಏಗಬೇಕು, ಅಲ್ವಾ?

ಹಾಗಾಗಿ ಮುಂದಿನ ಆವೃತ್ತಿ 'ಫೋರ್ಕಿ' ಇನ್ನೂ 'ಟೆಸ್ಟಿಂಗ್' (ಬಿಡುಗಡೆಗೆ ಮುಂಚಿನ ಪರೀಕ್ಷೆಯ) ಹಂತದಲ್ಲಿರುವಾಗಲೇ ಕೈ ಹಾಕಿ.

ಮೊದಲು ಒಂದು ವರ್ಚುವಲ್ ಯಂತ್ರ, ಅಂದರೆ ನಿಮ್ಮ ಕಂಪ್ಯೂಟರ್‌ನೊಳಗೇ ಓಡುವ ಇನ್ನೊಂದು ಕಂಪ್ಯೂಟರ್, ಮಾಡಿಕೊಳ್ಳಿ. ಗ್ರಾಹಕರು ಬಳಸುವ ಸರ್ವರ್‌ನಲ್ಲಿ ಟೆಸ್ಟಿಂಗ್ ಬೇಡವೇ ಬೇಡ. ಭದ್ರತಾ ತಿದ್ದುಪಡಿಗಳು ಅಲ್ಲಿಗೆ ತಡವಾಗಿ ಬರಬಹುದು.

ಹೊಸದಾಗಿ ಇನ್‌ಸ್ಟಾಲ್ ಮಾಡಿ ನೋಡುವುದಕ್ಕಿಂತ ನಿಮ್ಮ ಈಗಿನ ಸರ್ವರ್‌ನ ನಕಲನ್ನು ಟೆಸ್ಟಿಂಗ್‌ಗೆ ಅಪ್‌ಗ್ರೇಡ್ ಮಾಡುವುದು ಜಾಸ್ತಿ ಉಪಯೋಗ. ವರ್ಷಗಳಿಂದ ತಿದ್ದಿಕೊಂಡು ಬಂದ ನಿಮ್ಮ ಪೋಸ್ಟ್‌ಫಿಕ್ಸ್ (ಮೇಲ್ ಸರ್ವರ್) ಸೆಟ್ಟಿಂಗ್, ನಿಮ್ಮ ಪೋಸ್ಟ್‌ಗ್ರೆಸ್ (ಡೇಟಾಬೇಸ್) ಡೇಟಾ, ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್: ಇವನ್ನು ಪರೀಕ್ಷಿಸಲು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ತೊಂದರೆ ಕಂಡರೆ 'ರಿಪೋರ್ಟ್‌ಬಗ್' ಎಂಬ ಪ್ರೋಗ್ರಾಂ ಓಡಿಸಿ. ಅದೇ ತೊಂದರೆಯನ್ನು ಯಾರಾದರೂ ಆಗಲೇ ಹೇಳಿದ್ದಾರಾ ಎಂದು ಅದು ತೋರಿಸುತ್ತದೆ. ಇಲ್ಲದಿದ್ದರೆ ಬರೆಯಿರಿ: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಲಾಗ್‌ನ ಸಂಬಂಧಪಟ್ಟ ಸಾಲುಗಳನ್ನು ಸೇರಿಸಿ. ಸುಮ್ನೆ 'ಕೆಲಸ ಮಾಡುತ್ತಿಲ್ಲ' ಎಂದರೆ ಯಾರಿಗೂ ಪ್ರಯೋಜನವಿಲ್ಲ. ಒಂದು ವರದಿಯಲ್ಲಿ ಒಂದೇ ತೊಂದರೆ ಇರಲಿ. ಕಳಿಸುವ ಮೊದಲು ಪೂರ್ತಿ ಓದಿ. ಕಾನ್ಫಿಗರೇಷನ್ ಫೈಲ್‌ಗಳೂ ಜೊತೆಗೆ ಹೋಗಬಹುದು. ಅದರಲ್ಲಿ ಪಾಸ್‌ವರ್ಡ್ ಇದ್ದರೆ ಅಳಿಸಿ, ಏಕೆಂದರೆ ವರದಿ ಎಲ್ಲರಿಗೂ ಕಾಣುತ್ತದೆ. ನಿಮ್ಮ ಇಮೇಲ್ ವಿಳಾಸವೂ ಎಲ್ಲರಿಗೂ ಕಾಣುತ್ತದೆ.

ತೊಂದರೆಯ ತೀವ್ರತೆಯನ್ನು ನೀವೇ ಆರಿಸಬೇಕು. ಇಲ್ಲಿ ಪ್ರಾಮಾಣಿಕತೆ ಮುಖ್ಯ. ಹೊಸ ಪ್ಯಾಕೇಜ್ ಮೊದಲು ಟೆಸ್ಟಿಂಗ್‌ಗೂ ಹಿಂದಿನ 'ಅನ್‌ಸ್ಟೇಬಲ್' ಹಂತಕ್ಕೆ ಬರುತ್ತದೆ. ಸಾಮಾನ್ಯವಾಗಿ 5 ದಿನದ ನಂತರ ಟೆಸ್ಟಿಂಗ್‌ಗೆ ಇಳಿಯುತ್ತದೆ. ಆ ಹೊಸ ಆವೃತ್ತಿಯಲ್ಲಿ 'ಸೀರಿಯಸ್' ಅಥವಾ ಅದಕ್ಕಿಂತ ಮೇಲಿನ ಮಟ್ಟದ ಹೊಸ ದೋಷ ದಾಖಲಾದರೆ ಅದು ಅಲ್ಲೇ ನಿಲ್ಲುತ್ತದೆ. ಎಲ್ಲೋ ಕೂತು ನೀವು ಬರೆದ ಒಂದು ವರದಿಗೆ ಇಷ್ಟು ಬಲವಿದೆ! ಡೇಟಾ ಕಳೆದುಹೋಗುವಂಥ ದೋಷಕ್ಕೆ ಆ ಮೇಲಿನ ಮಟ್ಟಗಳನ್ನು ಧೈರ್ಯವಾಗಿ ಬಳಸಿ, ಕಾಗುಣಿತದ ತಪ್ಪಿಗೆ ಬೇಡ.

ಕೋಡ್ ಬರೆಯಬಲ್ಲವರು 'ಆಟೋಪಿಕೆಜಿಟೆಸ್ಟ್' ಎಂಬ, ಪ್ಯಾಕೇಜ್‌ಗಳನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆಗೆ ಪರೀಕ್ಷೆಗಳನ್ನು ಬರೆದುಕೊಡಬಹುದು. ನೀವು ಬಳಸುವ ರೀತಿಯನ್ನೇ ಪರೀಕ್ಷೆಯಾಗಿಸಿದರೆ, ಅದನ್ನು ಮುರಿಯುವ ಹೊಸ ಪ್ಯಾಕೇಜ್ ಮುಂದೆ ಹೋಗುವ ಮೊದಲೇ ಸಿಕ್ಕಿಬೀಳುತ್ತದೆ. ಇನ್‌ಸ್ಟಾಲರ್‌ನಲ್ಲಿ ಕನ್ನಡವೂ ಇದೆ. ಅದರ ಅನುವಾದ ಓದಿ, ಎಡವಟ್ಟು ಕಂಡಲ್ಲಿ ಹೇಳುವುದೂ ಕೆಲಸವೇ.

ವರದಿ ತಲುಪಿದಾಗ ಇಮೇಲ್‌ನಲ್ಲಿ ಒಂದು ಸಂಖ್ಯೆ ಬರುತ್ತದೆ. ಪ್ಯಾಕೇಜ್ ನೋಡಿಕೊಳ್ಳುವವರು ಬಿಡುವಿನಲ್ಲಿ ಕೆಲಸ ಮಾಡುವ ಸ್ವಯಂಸೇವಕರಾಗಿರಬಹುದು, ಉತ್ತರ ತಡವಾದೀತು. ಅವರು ಪ್ರಶ್ನೆ ಕೇಳಿದಾಗ ಬೇಗ ಉತ್ತರಿಸಿ. ವರ್ಚುವಲ್ ಯಂತ್ರವನ್ನು ಅಲ್ಲಿಯತನಕ ಅಳಿಸಬೇಡಿ. ಸರಿಪಡಿಸಿದ ಪ್ಯಾಕೇಜ್ ಬಂದ ದಿನ ಅದರಲ್ಲೇ ಹಾಕಿ ನೋಡಿ, ಫಲಿತಾಂಶವನ್ನು ಅದೇ ಸಂಖ್ಯೆಗೆ ಬರೆದು ಕಳಿಸಿ.