ಗೇಮಿಂಗ್ ಕನ್ಸೋಲ್ ಬೆಲೆಯನ್ನು ಕೂಲಿಯ ದಿನಗಳಲ್ಲಿ ಚಿತ್ರಿಸುವ ಬಗೆ

ಗೇಮಿಂಗ್ ದುಬಾರಿಯಾಯಿತು ಎಂದು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಬರೆದರೆ ನೋಡುಗರು ಓದಿ ಮುಂದೆ ಹೋಗುತ್ತಾರೆ. ಅದೇ ಬೆಲೆ ಯಾರ ಎಷ್ಟು ದಿನದ ದುಡಿಮೆ ಎಂಬುದನ್ನು ಎಣಿಸಲು ಬರುವಂತೆ ಚಿತ್ರಿಸಿದರೆ ನಿಂತು ಎಣಿಸುತ್ತಾರೆ. ಆದ್ದರಿಂದ ಮೊದಲು ಲೆಕ್ಕ ಮಾಡಿಕೊಳ್ಳಿ.

ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 54,990 ರೂಪಾಯಿ. ಕರ್ನಾಟಕದಲ್ಲಿ 2025-26ನೇ ಸಾಲಿಗೆ ನಿಗದಿಯಾದ ನರೇಗಾ ದಿನಗೂಲಿ 370 ರೂಪಾಯಿ. ಊಟ, ಔಷಧಿಗೆ ಒಂದು ಪೈಸೆಯನ್ನೂ ಮುಟ್ಟದಿದ್ದರೂ 149 ದಿನ ದುಡಿಯಬೇಕು. ನರೇಗಾ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ ಕೊಟ್ಟಿದ್ದ ಖಾತ್ರಿ 100 ದಿನ. ಮಿಕ್ಕ 49 ದಿನಗಳೇ ಈ ಚಿತ್ರದ ಜೀವಾಳ.

ಎ2 ಅಳತೆಯ ದಪ್ಪ ಡ್ರಾಯಿಂಗ್ ಹಾಳೆ, ನೀಲಿ ಮತ್ತು ಕೆಂಪು ಸ್ಟಾಂಪ್ ಪ್ಯಾಡ್, ಪೆನ್ಸಿಲ್, ಸ್ಕೇಲ್ ಇದ್ದರೆ ಸಾಕು. ಹಾಳೆಯನ್ನು ಅಡ್ಡಲಾಗಿಟ್ಟು 2 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರದ ಚೌಕಗಳನ್ನು ತೆಳುವಾಗಿ ಗೀಚಿ, ಅದರ ಮೇಲೆ ಸುಮಾರು 42 ಸೆಂ.ಮೀ. ಅಗಲದ ಕಂಟ್ರೋಲರ್‌ನ ಹೊರಗೆರೆಯನ್ನು ಎಳೆಯಿರಿ. ಒಳಗಿನ ಚೌಕಗಳು ಸರಿಯಾಗಿ 149 ಆಗುವವರೆಗೆ ಅದರ ಹಿಡಿಗಳನ್ನು ಹಿಗ್ಗಿಸಿ, ಕುಗ್ಗಿಸಿ. ಎಡದಿಂದ 100 ಚೌಕಗಳಿಗೆ ನೀಲಿ ಹೆಬ್ಬೆಟ್ಟನ್ನೂ ಮಿಕ್ಕವಕ್ಕೆ ಕೆಂಪು ಹೆಬ್ಬೆಟ್ಟನ್ನೂ ಒತ್ತಿ. ಮೂರು ಸಲ ಒತ್ತಿದ ಮೇಲೆ ಒಮ್ಮೆ ಮಾತ್ರ ಪ್ಯಾಡ್ ಮುಟ್ಟಿ. ಮೊದಲನೆಯದು ಗಾಢವಾಗಿ, ಮೂರನೆಯದು ಮಾಸಲಾಗಿ ಮೂಡುವುದರಿಂದ ದಿನಗಳೆಲ್ಲ ಒಂದೇ ಅಚ್ಚಿನವು ಅನ್ನಿಸುವುದಿಲ್ಲ.

ಎಲ್ಲ ಗುರುತುಗಳೂ ನಿಮ್ಮದೇ ಬೆರಳಿನವಾಗಿರಲಿ. ಕೂಲಿಕಾರರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರೆ ಚಿತ್ರಕ್ಕೆ ತೂಕ ಬರುತ್ತದೆ ಎಂದು ತೋರಬಹುದು, ಆದರೆ ಇಂದು ಪಡಿತರವೂ ಬ್ಯಾಂಕಿನ ಹಣವೂ ಬೆರಳಚ್ಚಿನಿಂದ ಸಿಗುವಾಗ ಅದನ್ನು ಗೋಡೆಗೆ ತೂಗುಹಾಕುವುದು ಖಂಡಿತ ತಪ್ಪು.

ಬೆಲೆ ಏರಿಕೆಯನ್ನೇ ತೋರಿಸಬೇಕೆಂದಿದ್ದರೆ ಅಮೆರಿಕದ ಲೆಕ್ಕ ಹೆಚ್ಚು ಸ್ಪಷ್ಟವಾಗಿದೆ, ಏಕೆಂದರೆ ಇಲ್ಲಿ ಕೂಲಿಯೂ ಏರಿದೆ, ಅಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. 2020ರಲ್ಲಿ 499.99 ಡಾಲರ್ ಇದ್ದ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5ರ ಬೆಲೆ 2025ರ ಆಗಸ್ಟ್‌ನಲ್ಲಿ 549.99 ಆದಾಗ 69 ಗಂಟೆಯ ದುಡಿಮೆ 76 ಗಂಟೆಯಾಯಿತು. ಗಂಟೆಗೊಂದರಂತೆ 76 ಚೌಕ ಬಿಡಿಸಿ, ಹೆಚ್ಚಾದ ಆ ಏಳನ್ನು ಮಾತ್ರ ಕೆಂಪಾಗಿಸಿ.

ಕೆಳಗೆ ಬೆಲೆ, ಕೂಲಿ, ಇಸವಿ ಇಷ್ಟನ್ನೇ ಸಣ್ಣಕ್ಷರದಲ್ಲಿ ಬರೆಯಿರಿ, ಘೋಷಣೆ ಬೇಡ. ಶಾಯಿ ಒಂದು ರಾತ್ರಿ ಪೂರ್ತಿ ಒಣಗಿದ ಮೇಲೆಯೇ ಪೆನ್ಸಿಲ್ ಗೆರೆಗಳನ್ನು ಅಳಿಸಿ.