ಟಿಎಸ್‌ಎಚ್ ಹೈ ಬಂದಿದೆಯಾ? ರಿಪೋರ್ಟ್ ಓದೋದು, ಮಾತ್ರೆ ನುಂಗೋದು ಹೀಗೆ

ರಿಪೋರ್ಟಿನಲ್ಲಿ ಟಿಎಸ್‌ಎಚ್ 9 ಅಂತ ಇದೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೈ' ಅಂತ. ಹೈ ಅಂದಮೇಲೆ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿದೆ, ಅದನ್ನ ಇಳಿಸಬೇಕು ಅಂದುಕೊಳ್ಳುವವರು ನಮ್ಮ ದಾವಣಗೆರೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಸಾಮಾನ್ಯವಾಗಿ ವಿಷಯ ಪೂರ್ತಿ ಉಲ್ಟಾ. ಯಾಕೆ ಉಲ್ಟಾ ಅಂತ ಗೊತ್ತಾದರೆ ಮಾತ್ರೆ ಯಾವಾಗ ನುಂಗಬೇಕು, ಮತ್ತೆ ಯಾವಾಗ ರಕ್ತ ಕೊಡಬೇಕು ಅನ್ನೋದೂ ಅರ್ಧ ಗೊತ್ತಾದ ಹಾಗೆ.

ಟಿಎಸ್‌ಎಚ್ ಅನ್ನೋದು ಥೈರಾಯ್ಡ್ ಮಾಡುವ ಹಾರ್ಮೋನೇ ಅಲ್ಲ. ಅದು ಬರೋದು ಮೆದುಳಿನ ಕೆಳಗೆ ನೇತಾಡುವ, ಅರ್ಧ ಗ್ರಾಂ ಸುಮಾರು ತೂಗುವ ಪಿಟ್ಯುಟರಿ ಗ್ರಂಥಿಯಿಂದ. ಕುತ್ತಿಗೆಯಲ್ಲಿರುವ ಥೈರಾಯ್ಡಿಗೆ 'ಹಾರ್ಮೋನ್ ಮಾಡು' ಅಂತ ಅದು ರಕ್ತದಲ್ಲಿ ಕಳಿಸುವ ಆರ್ಡರ್ ಇದು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ನಿಧಾನವಾದರೆ ಮೇಸ್ತ್ರಿ ದನಿ ಏರುತ್ತದೆ ಅಲ್ವಾ, ಹಾಗೇ. ಥೈರಾಯ್ಡ್ ಸುಸ್ತಾದಷ್ಟೂ ಟಿಎಸ್‌ಎಚ್ ಏರುತ್ತದೆ, ಹಾರ್ಮೋನ್ ಸಾಕಷ್ಟು ಆದಾಗ ತಾನೇ ಇಳಿಯುತ್ತದೆ. ದೇಹದ ಬಹಳಷ್ಟು ಹಾರ್ಮೋನುಗಳು ಹೀಗೇ, ಒಂದರ ಮೇಲೊಂದು ಕಣ್ಣಿಟ್ಟುಕೊಂಡೇ ಕೆಲಸ ಮಾಡುತ್ತವೆ.

ಈಗ ರಿಪೋರ್ಟ್. ಮೊದಲು ಟಿಎಸ್‌ಎಚ್ ನೋಡಿ, ಆಮೇಲೆ ಟಿ4, ಅಂದರೆ ಥೈರಾಯ್ಡ್ ತಾನೇ ಮಾಡುವ ಮುಖ್ಯ ಹಾರ್ಮೋನ್. ದೊಡ್ಡವರಿಗೆ ಟಿಎಸ್‌ಎಚ್ ಸುಮಾರು 0.4ರಿಂದ 4ರವರೆಗೆ ನಾರ್ಮಲ್ ಅಂತ ಹಿಡಿಯುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಹಾಗಾಗಿ ನಿಮ್ಮ ಹಾಳೆಯಲ್ಲೇ ಛಾಪಿಸಿರುವ ರೇಂಜ್ ಜೊತೆ ಹೋಲಿಸಿ. ಟಿಎಸ್‌ಎಚ್ ಹೈ, ಟಿ4 ಕಡಿಮೆ ಇದ್ದರೆ ಥೈರಾಯ್ಡ್ ನಿಜಕ್ಕೂ ಸೋತಿದೆ. ಟಿಎಸ್‌ಎಚ್ ಸ್ವಲ್ಪ ಏರಿದೆ, ಟಿ4 ಸರಿ ಇದೆ ಅಂದರೆ ತಕ್ಷಣ ಮಾತ್ರೆ ಬೇಕೇ ಬೇಕು ಅಂತಿಲ್ಲ; ಎಷ್ಟೋ ಸಲ ಡಾಕ್ಟರು ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಅನ್ನುತ್ತಾರೆ. ವಯಸ್ಸಾದವರಲ್ಲಿ ಸ್ವಲ್ಪ ಏರಿರೋದು ಸಾಮಾನ್ಯ. ಟಿ4 ಕಡಿಮೆ ಇದ್ದೂ ಟಿಎಸ್‌ಎಚ್ ಏರಿಲ್ಲ ಅಂದರೆ ತೊಂದರೆ ಪಿಟ್ಯುಟರಿಯಲ್ಲೇ ಇರಬಹುದು. ಅಪರೂಪ, ಆದರೆ ಟಿಎಸ್‌ಎಚ್ ಒಂದನ್ನೇ ನೋಡಿದರೆ ಇದು ತಪ್ಪಿಹೋಗುತ್ತದೆ.

ಥೈರಾಯ್ಡ್ ಸೋತವರಿಗೆ ಕೊಡುವ ಮಾತ್ರೆಯಲ್ಲಿ ಇರೋದು ಟಿ4. ನಮ್ಮ ಗ್ರಂಥಿ ಮಾಡುವಂಥದ್ದೇ, ನಾಲ್ಕು ಅಯೋಡಿನ್ ಪರಮಾಣು ಇರುವಂಥದ್ದು. ಲಿವರ್, ಕಿಡ್ನಿ ಮುಂತಾದ ಕಡೆ ಅದರಿಂದ ಒಂದು ಅಯೋಡಿನ್ ಕಳಚಿ ಟಿ3 ಆಗುತ್ತದೆ, ಜೀವಕೋಶಗಳಲ್ಲಿ ಮುಖ್ಯವಾಗಿ ಕೆಲಸ ಮಾಡೋದು ಆ ಟಿ3. ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿ, 25, 50, 100 ಅಂತ. ಹೊಟ್ಟೆಯಲ್ಲಿ ಬೇರೇನಾದರೂ ಇದ್ದರೆ ಇದು ಒಳಗೆ ಸೇರೋದು ಏರುಪೇರಾಗುತ್ತದೆ. ಕಾಫಿ, ಹಾಲು, ಸೋಯಾ ಎಲ್ಲ ಅಡ್ಡ ಬರುತ್ತವೆ.

ಹಾಗಾಗಿ ಎದ್ದ ತಕ್ಷಣ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ ನುಂಗಿ. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಸುಮ್ನೆ ಗಡಿಯಾರ ನೋಡುತ್ತಾ ಕೂತರೆ ಕಾಫಿ ಕರೆಯುತ್ತದೆ, ಅದಕ್ಕೇ ಮಾತ್ರೆ ನುಂಗಿ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗಿಬಿಡಿ. ವಾಪಸ್ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ, ಆಮೇಲೆ ಬೆಣ್ಣೆ ದೋಸೆ ತಿಂದರೂ ಥೈರಾಯ್ಡ್ ಮಾತ್ರೆಗೆ ತಕರಾರಿಲ್ಲ. ಕ್ಯಾಲ್ಸಿಯಂ, ಐರನ್ ಮಾತ್ರೆ ಇದ್ದರೆ ಮಾತ್ರ ನಾಲ್ಕು ಗಂಟೆ ಅಂತರ ಬೇಕು. ಎಲ್ಲ ಮಾತ್ರೆ ಒಂದೇ ಅಂಗೈಯಲ್ಲಿ ಹಾಕಿಕೊಂಡು ಗುಳುಂ ಮಾಡುವ ಅಭ್ಯಾಸ ಬಹಳ ಜನಕ್ಕಿದೆ, 'ಮಾತ್ರೆ ತಗೊಂಡರೂ ಟಿಎಸ್‌ಎಚ್ ಇಳೀತಿಲ್ಲ' ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದೇ. ಬೆಳಿಗ್ಗೆ ಆಗೋದೇ ಇಲ್ಲ ಅನ್ನುವವರು ಡಾಕ್ಟರನ್ನು ಕೇಳಿ ರಾತ್ರಿ, ಊಟವಾಗಿ ಮೂರು ಗಂಟೆ ಬಿಟ್ಟು ತಗೋಬಹುದು.

ಬಾಟಲಿಯನ್ನು ಒಲೆ ಪಕ್ಕದ ಗೂಡಿನಲ್ಲೋ ಕಿಟಕಿಯಲ್ಲೋ ಇಡಬೇಡಿ. ನಮ್ಮ ಏಪ್ರಿಲ್ ಬಿಸಿಲು ಗೊತ್ತೇ ಇದೆ, ಶಾಖ, ತೇವ, ಬೆಳಕು ಮೂರೂ ಈ ಮಾತ್ರೆಗೆ ಆಗಲ್ಲ.

ಶುರುಮಾಡಿ ಒಂದು ವಾರಕ್ಕೇ ಟೆಸ್ಟ್ ಮಾಡಿಸೋದು ದುಡ್ಡು ದಂಡ. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 7 ದಿನ ಬೇಕು, ಮಟ್ಟ ಒಂದು ಹದಕ್ಕೆ ಬಂದು ಪಿಟ್ಯುಟರಿ ಅದನ್ನು ಒಪ್ಪಿಕೊಳ್ಳೋಕೆ 6ರಿಂದ 8 ವಾರ ಹಿಡಿಯುತ್ತದೆ. ಡೋಸ್ ಬದಲಾದಾಗಲೂ ಇದೇ ಲೆಕ್ಕ. ಇದೇ ಕಾರಣಕ್ಕೆ ಒಂದು ದಿನ ಮರೆತರೆ ಗಾಬರಿಯೂ ಬೇಡ. ಟೆಸ್ಟ್ ದಿನ ರಕ್ತ ಕೊಟ್ಟಮೇಲೆ ಮಾತ್ರೆ ನುಂಗಿ, ಪ್ರತಿ ಸಲ ಬೆಳಿಗ್ಗೆಯೇ ಹೋಗಿ, ಯಾಕೆಂದರೆ ಟಿಎಸ್‌ಎಚ್ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತಗೊಳ್ಳುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ಕೆಲವು ಮಷಿನ್‌ಗಳಲ್ಲಿ ರಿಪೋರ್ಟನ್ನೇ ತಪ್ಪಾಗಿ ತೋರಿಸುತ್ತದೆ.

ತೂಕ ಇಳಿಸೋಕೆ ಅಂತ ಅತ್ತೆಯ ಬಾಟಲಿಯಿಂದ ಒಂದೊಂದು ಮಾತ್ರೆ ಎತ್ತುವವರೂ ಇದ್ದಾರೆ. ದಯವಿಟ್ಟು ಬೇಡ. ಡೋಸ್ ಜಾಸ್ತಿಯಾದರೆ ಎದೆ ಡವಡವ, ಕೈ ನಡುಕ. ಬಹಳ ದಿನ ಹೀಗೇ ನಡೆದರೆ ಮೂಳೆ ಸವೆಯುತ್ತದೆ. ಇನ್ನು ಎಲೆಕೋಸು ಥೈರಾಯ್ಡಿಗೆ ಆಗಲ್ಲ ಅಂತ ಹೆದರಬೇಡಿ, ಬೇಯಿಸಿ ಹಿತಮಿತವಾಗಿ ತಿಂದರೆ ಏನೂ ಆಗಲ್ಲ.

ಕಾಯಬಾರದ ಸಂದರ್ಭ ಒಂದಿದೆ, ಗರ್ಭಿಣಿಯಾದಾಗ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಬೇಕಾದ ಥೈರಾಯ್ಡ್ ಹಾರ್ಮೋನ್ ಪೂರ್ತಿ ತಾಯಿಯಿಂದಲೇ ಹೋಗಬೇಕು, ಮಗುವಿನ ಮೆದುಳಿನ ಬೆಳವಣಿಗೆ ಅದನ್ನೇ ನಂಬಿಕೊಂಡಿರುತ್ತದೆ. ಈಗಾಗಲೇ ಮಾತ್ರೆ ತಗೊಳ್ಳುತ್ತಿರುವವರಿಗೆ ಡೋಸ್ ಏರಿಸಬೇಕಾಗಿ ಬರೋದೇ ಹೆಚ್ಚು. ಹಾಗಾಗಿ ಮುಟ್ಟು ತಪ್ಪಿ ಮನೆ ಟೆಸ್ಟ್ ಪಾಸಿಟಿವ್ ಬಂದ ವಾರವೇ ಡಾಕ್ಟರ ಹತ್ತಿರ ಹೋಗಿ, ಮಾತ್ರೆಯನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ.